ಹಕ್ಕಿದ್ವೀಪದವರೆಗಿನ ಮೆಟ್ಟು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮುಖ ನೋಡುವುದಕ್ಕಿಂತ ಮೊದಲು ಮೆಟ್ಟು ನೋಡುತ್ತಾರೆ. ಹುಡುಗಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟು ನಮಸ್ಕಾರ ಮಾಡಿದ ಮೇಲೆ ಯಾರಾದರೊಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡು, "ಎಲ್ಲಿ, ಮೆಟ್ಟು ತಗೊಂಬಾರಮ್ಮ" ಅನ್ನುತ್ತಾರೆ. ಅವಳು ಒಳಗಿನಿಂದ ತಂದು ಮಗುಚಿ ಹಿಡಿಯಬೇಕು. ಅಡಿಯ ಅಟ್ಟೆ ದಪ್ಪಗಿದ್ದರೆ ಸಂಬಂಧ ಕುದುರಿದ ಹಾಗೆಯೇ. ನನ್ನದನ್ನು ನಮ್ಮ ಅತ್ತೆ ಹೆಬ್ಬೆರಳಿನಿಂದ ಒತ್ತಿ ನೋಡಿ, "ರಾಗಿರೊಟ್ಟಿ ಇದ್ದಂಗದೆ" ಎಂದು ಸಂತೋಷಪಟ್ಟಿದ್ದರು. ಗಂಡಿನ ಮೆಟ್ಟು ಕೇಳುವ ಪದ್ಧತಿ ಇರಲಿಲ್ಲ. ಇದ್ದಿದ್ದರೆ ನಮ್ಮಪ್ಪ ಒಂದು ಸಲ ಯೋಚನೆ ಮಾಡಿರುತ್ತಿದ್ದರು.

ಮೆಟ್ಟು ಎಂದರೆ ಮನೆ ಬಾಗಿಲಲ್ಲಿ ಬಿಡುವ ಚಪ್ಪಲಿಯಲ್ಲ. ಚಪ್ಪಲಿಯನ್ನು ಯಾರು ಎಷ್ಟು ಜೊತೆ ಬೇಕಾದರೂ ಕೊಳ್ಳಬಹುದು. ಮೆಟ್ಟು ಮಾತ್ರ ಜನ್ಮಕ್ಕೆ ಒಂದೇ ಜೊತೆ. ವಯಸ್ಸಿಗೆ ಬಂದಾಗ ಮೆಟ್ಟಿನ ಮನೆಯವರು ಕಾಲು ಅಳೆದು ಹೊಲಿದು ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಊರ ಗಡಿಯಲ್ಲಿ ಒಂದು ಕಲ್ಲಿದೆ. ಅದರಾಚೆ ಹೋಗಬೇಕಾದರೆ ಮೆಟ್ಟು ಹಾಕಿಕೊಂಡೇ ಹೋಗಬೇಕು. ನಡೆದು ಹೋದರೂ ಸರಿ, ಬಸ್ಸಿನಲ್ಲಿ ಕಾಲು ಚಾಚಿಕೊಂಡು ಹೋದರೂ ಸರಿ, ದೂರ ಎಷ್ಟೋ ಕಾಲಿನಲ್ಲಿರುವ ಅಟ್ಟೆ ಅಷ್ಟು ಸವೆಯುತ್ತದೆ. ಅಟ್ಟೆ ಪೂರ್ತಿ ಸವೆದರೆ, ಅಥವಾ ಎರಡೂ ಕಾಲಿನಿಂದ ಮೆಟ್ಟು ಕಳಚಿದರೆ, ಎಲ್ಲಿದ್ದರೂ ಆ ಗಳಿಗೆಯಲ್ಲೇ ಗಡಿಕಲ್ಲಿನ ಪಕ್ಕ ಬಂದು ನಿಂತಿರುತ್ತೇವೆ. ಮೈಮೇಲೆ, ಕೈಯಲ್ಲಿ ಏನಿದೆಯೋ ಅದು ಜೊತೆಗೆ ಬರುತ್ತದೆ. ಮಿಕ್ಕಿದ್ದು ಅಲ್ಲೇ. ಹಾಗಾಗಿ ನಮ್ಮೂರಿನವರು ವಾಪಸು ಬರುವ ಟಿಕೆಟ್ ತೆಗೆಯುವುದಿಲ್ಲ. ಹೋದ ಕೆಲಸ ಮುಗಿಯಿತು ಅನ್ನಿಸಿದರೆ ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡರೆ ಆಯಿತು, ಮನೆ ಸೇರಿದ ಹಾಗೆಯೇ.

ಹೊರಗಿನವರಿಗೆ ನಮ್ಮ ಮೇಲಿರುವ ದೊಡ್ಡ ದೂರು ಇದರಿಂದಲೇ ಬಂದದ್ದು. ನೆಂಟರ ಮನೆಗೆ ಹೋದರೆ ನಾವು ಬಾಗಿಲಲ್ಲಿ ಕಾಲು ತೊಳೆದುಕೊಂಡು ಮೆಟ್ಟು ಸಮೇತ ಒಳಗೆ ನಡೆಯುತ್ತೇವೆ. ಮೆಟ್ಟು ಹಾಕಿಕೊಂಡೇ ಊಟಕ್ಕೆ ಕೂರುತ್ತೇವೆ, ಮಲಗುತ್ತೇವೆ. ಹೊರಗೆ ಮದುವೆಯಾಗಿ ಹೋದ ನನ್ನ ಅಕ್ಕ ಇಂದ್ರಕ್ಕ ಮಕ್ಕಳನ್ನು ಹೆತ್ತದ್ದೂ ಮೆಟ್ಟಿನಲ್ಲೇ. ಸ್ನಾನ ಮಾಡುವಾಗ ಒಂದೊಂದೇ ಕಾಲು ಕಳಚಿ ತೊಳೆಯಬೇಕು, ಒಂದಾದರೂ ಒಳಗಿರಬೇಕು ಎಂದು ಮಕ್ಕಳಿಗೆ ಮೊದಲೇ ಕಲಿಸುತ್ತೇವೆ. ಆದರೂ ಅಭ್ಯಾಸ ಕೇಳಬೇಕಲ್ಲ. ಬಿಸಿನೀರು ಬೆನ್ನಿಗೆ ಬಿದ್ದ ಹಿತಕ್ಕೆ ಮೈಮರೆತು ಎಷ್ಟೋ ಜನ ದೊಡ್ಡಮನುಷ್ಯರು ಸೋಪಿನ ನೊರೆ ಸಮೇತ ಗಡಿಕಲ್ಲಿನ ಹತ್ತಿರ ಬಂದು ನಿಂತಿದ್ದಾರೆ. ಅದಕ್ಕೇ ಮಹಿಳಾ ಸಂಘದಿಂದ ಅಲ್ಲೊಂದು ಬುಟ್ಟಿ ಇಟ್ಟು ಹಳೆಯ ಟವಲುಗಳನ್ನು ಒಗೆದು ಮಡಿಸಿ ಹಾಕಿರುತ್ತೇವೆ. ಸಂಜೆ ಹೊತ್ತು ಅಲ್ಲಿನ ಕಟ್ಟೆಯ ಮೇಲೆ ಜಾಗ ಸಿಗುವುದು ಕಷ್ಟ. ಇವತ್ತು ಯಾರು ಹೇಗೆ ಬರುತ್ತಾರೋ ಎಂದು ನೋಡುವುದಕ್ಕಿಂತ ದೊಡ್ಡ ಮನರಂಜನೆ ನಮ್ಮೂರಿನಲ್ಲಿಲ್ಲ.

ನಾನು ಕಮಲಾಕ್ಷಿ. ರವಿಕೆ ಹೊಲಿಯುತ್ತೇನೆ. ನಮ್ಮ ಯಜಮಾನರಾದ ಪಂಪಾಪತಿಯವರದು ಹಿಟ್ಟಿನ ಗಿರಣಿ, ಪಂಪಣ್ಣನ ಗಿರಣಿ ಎಂದರೆ ಎಲ್ಲರಿಗೂ ಗೊತ್ತು. ಗಿರಣಿಯ ಗೋಡೆಯ ಮೇಲೆ ಒಂದು ಹಳೆಯ ಕ್ಯಾಲೆಂಡರು ತೂಗುತ್ತಿತ್ತು, ಯಾವುದೋ ಎಣ್ಣೆ ಅಂಗಡಿಯವರು ಕೊಟ್ಟದ್ದು. ಅದರಲ್ಲಿ ಬಿಳೀ ಹಡಗು, ಮಹಡಿಯ ಮೇಲೆ ಮಹಡಿ, ಹಿಂದೆ ಒಂದು ಸಣ್ಣ ದ್ವೀಪ, ದ್ವೀಪದ ತುದಿಗೆ ಕೆಂಪು ದೀಪಸ್ತಂಭ, ಅದರ ಸುತ್ತ ಬಿಳಿಯ ಹಕ್ಕಿಗಳು. ಕೆಳಗೆ ‘ಹಕ್ಕಿದ್ವೀಪ’ ಎಂದು ಬರೆದಿತ್ತು. ಮದುವೆಯಾದ ಹೊಸದರಲ್ಲಿ ಗಿರಣಿಗೆ ಊಟ ತೆಗೆದುಕೊಂಡು ಹೋದಾಗ ಅದನ್ನು ನೋಡಿ, "ನಾನು ಈ ಹಡಗು ಹತ್ತಬೇಕು, ಈ ಹಕ್ಕಿ ನೋಡಬೇಕು" ಎಂದೆ. ಇವರು ಹಿಟ್ಟು ಮೆತ್ತಿದ ಹುಬ್ಬೆತ್ತಿ, "ಹತ್ತಿದ್ರಾಯ್ತು ಬಿಡು" ಅಂದರು. ಆ ವರ್ಷ ಮುಗಿದರೂ ಕ್ಯಾಲೆಂಡರು ಇಳಿಯಲಿಲ್ಲ. ತಾರೀಖಿನ ಹಾಳೆಗಳೆಲ್ಲ ಉದುರಿ ಹೋಗಿ ಚಿತ್ರ ಮಾತ್ರ ಉಳಿಯಿತು.

ಅಂದಿನಿಂದ ನಾನು ಅಟ್ಟೆ ಉಳಿಸತೊಡಗಿದೆ. ಗಡಿಕಲ್ಲಿನಾಚೆ ಒಂದು ಹೆಜ್ಜೆ ಇಡಲಿಲ್ಲ. ಮೆಟ್ಟಿಗೆ ಎಣ್ಣೆ ಸವರಿ, ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಯುಗಾದಿಗೊಮ್ಮೆ ಬಿಸಿಲಿಗೆ ಹಾಕುತ್ತಿದ್ದೆ. ಇಂದ್ರಕ್ಕನ ಮಗಳ ನಾಮಕರಣ, ಅವಳ ಮಗನ ಕಿವಿ ಚುಚ್ಚುವುದು, ನನ್ನ ತಂಗಿಯ ಗೃಹಪ್ರವೇಶ, ನಮ್ಮ ಸೋದರಮಾವನ ಮಕ್ಕಳ ಸಾಲು ಸಾಲು ಮದುವೆ, ಅದೇ ಮಾವನ ಹನ್ನೊಂದನೇ ದಿನ, ಯಾವುದಕ್ಕೂ ನಾನು ಹೋಗಲಿಲ್ಲ. ನಮ್ಮ ಯಜಮಾನರು ಹೋಗುತ್ತಿದ್ದರು. ಕರೆಯೋಲೆ ಬಂದರೆ ಸಾಕು, ಹೋದ ಮನೆಯವರ ಕಣ್ಣಿಗೆ ಬೀಳದಿರಲಿ ಎಂದು ಮೆಟ್ಟಿನ ಮೇಲೆ ಬಿಳಿಬಟ್ಟೆಯ ಚೀಲ ಕಟ್ಟಿಕೊಂಡು, ಮುಯ್ಯಿಯ ಕವರು ಜೇಬಿನಲ್ಲಿಟ್ಟುಕೊಂಡು ಹೊರಟೇ ಬಿಡುತ್ತಿದ್ದರು. ಊಟವಾದ ಮೇಲೆ ಮೆಟ್ಟು ಕಳಚಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನನಗೆಂದು ಲಾಡುವಿನ ಪೊಟ್ಟಣ ಹಿಡಿದು, ಎಲೆಅಡಿಕೆ ಅಗಿಯುತ್ತ ಕಲ್ಲಿನ ಹತ್ತಿರ ಪ್ರತ್ಯಕ್ಷವಾಗುತ್ತಿದ್ದರು. ಮದುವೆ ಊಟವೆಂದರೆ ಇವರಿಗೆ ಪ್ರಾಣ. ನಾನು ಲಾಡು ತಿನ್ನುತ್ತ ಇವರನ್ನು ಬೈಯುತ್ತಿದ್ದೆ. ಊಟದ ಚಪಲಕ್ಕೆ ಜನ್ಮದ ಅಟ್ಟೆಯನ್ನೆಲ್ಲ ಸವೆಸಿಬಿಟ್ಟಿರಿ ಎನ್ನುತ್ತಿದ್ದೆ. ಇವರು "ಹೂಂ ಕಣೇ, ನಾಲಿಗೆ ಕೇಳಲ್ಲ" ಎನ್ನುತ್ತಿದ್ದರು.

ಹೋದ ವರ್ಷ ಆ ಹಡಗಿನವರ ಜಾಹೀರಾತು ಬಂತು. ಬಂದರಿನಿಂದ ಹೊರಟು ಐದು ದ್ವೀಪ ತೋರಿಸುತ್ತಾರೆ, ಕೊನೆಯದು ಹಕ್ಕಿದ್ವೀಪ. ಟಿಕೆಟ್ಟಿನ ಚಿಂತೆ ನನಗಿರಲಿಲ್ಲ. ದುಡ್ಡಿಗೆ ಚೀಟಿ ಹಾಕಿದ್ದೆ, ಊರಿನ ಹೆಂಗಸರು ದಪ್ಪಗಾಗುತ್ತಿರುವಷ್ಟು ದಿನ ರವಿಕೆ ಬಿಚ್ಚಿ ಹೊಲಿಯುವ ಕೆಲಸಕ್ಕೂ ಕೊರತೆಯಿರಲಿಲ್ಲ. ಇಬ್ಬರ ಟಿಕೆಟ್ಟಿಗೂ ಹೇಳಿ ಬಂದ ಮೇಲೆ ಇವರ ಮೆಟ್ಟು ತೆಗೆದು ಮಗುಚಿದೆ. ಅಟ್ಟೆ ಹಪ್ಪಳದಂತಾಗಿತ್ತು. ಬೆಳಕಿಗೆ ಹಿಡಿದರೆ ಆಚೆಗಿನ ಬಲ್ಬು ಕಾಣುತ್ತಿತ್ತು.

"ಇದು ಎಲ್ಲೀವರೆಗೆ ಬರುತ್ತೆ?" ಎಂದು ಕೇಳಿದೆ.

ಇವರು ಗಿರಣಿಗೆ ಬಂದ ಜೋಳ ನೋಡುವ ಹಾಗೆ ಅಟ್ಟೆಯನ್ನು ಬೆರಳಿನಲ್ಲಿ ಉಜ್ಜಿ, "ಬಂದರಿನವರೆಗೆ ಮೋಸ ಇಲ್ಲ. ನಿನ್ನನ್ನ ಹಡಗು ಹತ್ತಿಸಿ, ಟಾಟಾ ಮಾಡೋವಷ್ಟಿದೆ" ಅಂದರು.

ನಾನು ಅವತ್ತು ಮಾಡಿದ ಜಗಳ ಪಕ್ಕದ ಬೀದಿಗೂ ಕೇಳಿತು. ಕೇಳಿದ್ದರಿಂದ ಸಲಹೆಗಳೂ ಬಂದವು. ಪಕ್ಕದ ಮನೆ ಸಾವಂತ್ರಿ, ತುದಿಗಾಲಿನಲ್ಲಿ ನಿಂತು ಹೋದರೆ ಹಿಂದಿನ ಅರ್ಧ ಅಟ್ಟೆ ಉಳಿಯುತ್ತದೆ ಎಂದಳು. ಇವರು ಅಭ್ಯಾಸಕ್ಕೆಂದು ಗಿರಣಿಯಲ್ಲಿ ತುದಿಗಾಲಿನಲ್ಲಿ ಓಡಾಡಿ, ಹಿಟ್ಟಿನ ಡಬ್ಬದ ಮೇಲೆ ಬಿದ್ದು, ಅರ್ಧ ದಿನ ಭೂತದ ಹಾಗೆ ಬೆಳ್ಳಗೆ ತಿರುಗಾಡಿದರು. ಅಂಚೆಯವರು ಮೆಟ್ಟನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ ಎಂದರು. ನೆನೆಸಿದೆವು. ಉಬ್ಬಲಿಲ್ಲ, ವಾಸನೆ ಬಂತು. ಇನ್ನೊಬ್ಬ ಮಹಾಶಯರು ಹಡಗಿನಲ್ಲಿ ಕಾಲು ಮೇಲೆ ಮಾಡಿ ಶೀರ್ಷಾಸನದಲ್ಲಿದ್ದರೆ ಸವೆಯುವುದಿಲ್ಲ ಎಂದು ಎಲ್ಲೋ ಓದಿದ್ದರಂತೆ. ಇವರು ಅದಕ್ಕೂ ತಯಾರಾಗಿ ಗೋಡೆಗೆ ದಿಂಬು ಇಟ್ಟಾಗ ನಾನೇ ಬೇಡ ಅಂದೆ. ಶೀರ್ಷಾಸನ ಹಾಕಿದ ಗಂಡನನ್ನು ಪಕ್ಕದಲ್ಲಿಟ್ಟುಕೊಂಡು ಹಕ್ಕಿ ನೋಡುವ ಆಸೆ ನನಗಿರಲಿಲ್ಲ.

ಕೊನೆಗೆ ಇವರೇ ಹೇಳಿದರು. "ನೀನು ಹೋಗ್ಬಾ ಕಮ್ಲಾ. ನಿನ್ನ ಅಟ್ಟೆ ಇದೆಯಲ್ಲ, ಹಕ್ಕಿದ್ವೀಪ ಮುಟ್ಟಿ ಮೇಲೂ ಉಳಿಯುತ್ತೆ. ನಾನು ಬಂದು ಏನು ಮಾಡ್ಬೇಕು, ನಂಗೆ ಈಜೂ ಬರಲ್ಲ."

"ಹೋಗೇ ಹೋಗ್ತೀನಿ" ಎಂದೆ ನಾನು, ಬಿಗುಮಾನದಿಂದ. ಬೇಕೆಂದೇ ಇವರ ಎದುರಿಗೇ ಚೀಲ ತುಂಬಿದೆ. ಇವರು ಮುಖ ಸಣ್ಣದು ಮಾಡಿಕೊಳ್ಳಬಹುದು ಅಂದುಕೊಂಡರೆ, ಮಾಡಿಕೊಳ್ಳಲಿಲ್ಲ. ಹಡಗಿನ ಊಟ ನನಗೆ ಒಗ್ಗದಿದ್ದರೆ ಇರಲಿ ಎಂದು ಚಟ್ನಿಪುಡಿ ಕುಟ್ಟಿಸಿದರು, ಹುರಿಹಿಟ್ಟು ಬೀಸಿ ತಂದರು, ನನ್ನ ಮೆಟ್ಟಿನ ಬಾರಿಗೆ ತಾವೇ ಎಣ್ಣೆ ತಿಕ್ಕಿದರು. ನನಗೆ ಅದೂ ಸಿಟ್ಟು ತರಿಸಿತು.

ಹೊರಡುವುದಕ್ಕೆ ಇನ್ನೊಂದು ವಾರವಿದ್ದಾಗ ಇಂದ್ರಕ್ಕ ಫೋನು ಮಾಡಿದಳು. ಅವಳ ಕಿರಿಮಗಳ ನಿಶ್ಚಿತಾರ್ಥ ನಿಗದಿಯಾಗಿತ್ತು. "ಪಂಪಾಪತಿಯವರನ್ನ ಕಳಿಸ್ತೀಯಲ್ಲ?" ಅಂದಳು.

"ಅವರ ಅಟ್ಟೆ ಮುಗೀತು ಕಣೇ. ಊರೂರಿನ ಊಟಕ್ಕೇ ಮುಗಿಸಿದ್ರು. ಈಗ ನಾನೊಬ್ಬಳೇ ಹಡಗಿಗೆ ಹೋಗ್ತಿದೀನಿ."

ಅವಳು ಹೇಳಿದಳು, "ಯಾವ ಊಟ? ನಮ್ಮ ಮನೇಲಿ ಇವತ್ತಿನವರೆಗೂ ಅವರನ್ನ ಪಂಕ್ತೀಲಿ ಕೂರಿಸಿಲ್ಲ ಕಣೇ. ಮೆಟ್ಟು ಹಾಕ್ಕೊಂಡು ಕೂರ್ತಾರೆ ಅಂತ ನಮ್ಮತ್ತೆ ಹಿತ್ತಲಲ್ಲಿ ಸೌದೆ ಪಕ್ಕ ಎಲೆ ಹಾಕಿಸ್ತಾರೆ. ನಂಗೇ ನಾಚಿಕೆ ಆಗುತ್ತೆ. ಅವರು ನಕ್ಕೊಂಡು ಉಂಡು ಹೋಗ್ತಾರೆ. ಯಾಕೆ ಪ್ರತೀ ಸಲ ನೀವೇ ಬರ್ತೀರಿ, ಕಮ್ಲೀನ ಕಳಿಸಿ ಅಂದ್ರೆ, ಅವಳ ಮೆಟ್ಟು ಸವೆಯೋ ಹಾಗಿಲ್ಲ, ಅವಳಿಗೆ ಹಡಗಿಗೆ ಹೋಗೋದಿದೆ ಅಂತಾರೆ. ಯಾರೂ ಹೋಗದಿದ್ರೆ ತವರಿನವರ ಬಾಯಿಗೆ ನೀನು ಬೀಳ್ತೀಯಂತೆ. ಇದೆಲ್ಲ ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಫೋನಿಟ್ಟೆ. ಆ ನಾಮಕರಣ, ಕಿವಿ ಚುಚ್ಚುವುದು, ಗೃಹಪ್ರವೇಶ, ಸೋದರಮಾವನ ಹನ್ನೊಂದನೇ ದಿನ, ಒಂದಾದರೂ ಇವರ ಕಡೆಯದೇ ಎಂದು ಹುಡುಕಿ ನೋಡಿದೆ. ಇವರ ಕಡೆಯವರೆಲ್ಲ ಊರೊಳಗೇ ಇದ್ದಾರೆ, ಎದುರು ಬೀದಿಯಲ್ಲಿ. ನನ್ನ ಅಟ್ಟೆ ರಾಗಿರೊಟ್ಟಿಯ ಹಾಗೇ ಉಳಿದದ್ದು ನನ್ನ ಜಾಣತನದಿಂದ ಎಂದುಕೊಂಡಿದ್ದೆ. ತುಂಬ ಸಂಕಟವಾಯಿತು. ಸಂಕಟವಾದಾಗ ನನಗೆ ಮಾಡುವುದಕ್ಕೆ ಬರುವುದು ಒಂದೇ, ಜೋರು. ಗಿರಣಿಗೆ ಹೋಗಿ ಬೀಸುವ ಕಲ್ಲು ತಿರುಗಿಸುವ ಪಟ್ಟೆಯ ಸದ್ದನ್ನೂ ಮೀರಿ, "ಸೌದೆ ಪಕ್ಕ ಕೂತು ಉಣ್ತಿದ್ರಂತೆ" ಎಂದು ಕೂಗಿದೆ.

ಇವರು ಕಲ್ಲು ನಿಲ್ಲಿಸಿ, "ಸಾರು ಮಾತ್ರ ಚೆನ್ನಾಗಿ ಮಾಡ್ತಾರೆ ಕಣೇ, ಸುಳ್ಳು ಹೇಳ್ಬಾರದು" ಅಂದರು.

ನಾನು ಇವರ ಮೆಟ್ಟನ್ನೂ ನನ್ನ ಮೆಟ್ಟನ್ನೂ ಚೀಲಕ್ಕೆ ಹಾಕಿಕೊಂಡು, ಇವರನ್ನು ಕೈಹಿಡಿದು ಎಳೆದುಕೊಂಡು ಮೆಟ್ಟಿನ ಮನೆಗೆ ಹೋದೆ. ಈಗ ಮೆಟ್ಟು ಹೊಲಿಯುವವರು ದೇವೀರಮ್ಮ. ಅವರಮ್ಮ ಹೊಲಿದದ್ದು ನನ್ನದು. ದೇವೀರಮ್ಮನ ಬಾಯಿಗೆ ಹೆದರದವರು ಊರಿನಲ್ಲಿಲ್ಲ.

"ನನ್ನ ಅಟ್ಟೇಲಿ ಅರ್ಧ ಸೀಳಿ ಇವರದಕ್ಕೆ ಹಾಕು" ಎಂದೆ.

ದೇವೀರಮ್ಮ ನನ್ನ ಮೆಟ್ಟನ್ನು ಮೂಸಿ ನೋಡಿ ತೊಡೆಯ ಮೇಲಿಟ್ಟುಕೊಂಡರು. "ಗಂಡನ ಮೇಲೆ ಪ್ರೀತಿ ಬಂದಾಗ ಎಲ್ರೂ ಹಿಂಗೇ ಬರ್ತಾರೆ ಕಮ್ಲಮ್ಮ. ಮಾರನೇ ದಿನ ವಾಪಸ್ ಹಾಕು ಅಂತಾರೆ. ಸೀಳಿದ ಮೇಲೆ ತಿರುಗಿ ಕೂರಿಸಕ್ಕೆ ಆಗಲ್ಲ, ನೋಡ್ಕಳಿ."

"ಸೀಳು ಅಂದ್ನಲ್ಲ."

"ಸೀಳಿದ್ರೆ ಇಬ್ರೂ ಮೂರನೇ ದ್ವೀಪ ದಾಟಲ್ಲ. ಹಕ್ಕಿ ಗಿಕ್ಕಿ ಏನೂ ಕಾಣಲ್ಲ."

ಇವರು ನಡುವೆ ಬಾಯಿ ಹಾಕಿ ಬೇಡವೇ ಬೇಡ, ಇವಳ ತಲೆ ಕೆಟ್ಟಿದೆ ಎಂದರು. ಇಬ್ಬರೂ ಬಾಗಿಲಲ್ಲಿ ನಿಂತು ಕಿತ್ತಾಡಿದೆವು. ನಾನೊಬ್ಬಳೇ ಹೋಗಿ ಐದು ದ್ವೀಪ ನೋಡುವುದಕ್ಕಿಂತ ಇಬ್ಬರೂ ಸೇರಿ ಮೂರು ನೋಡುವುದು ಮೇಲು ಎಂದೆ. ಹೇಳಿದ್ದು ಸುಲಭವಾಗಿರಲಿಲ್ಲ, ಯಾಕೆಂದರೆ ಆ ಕೆಂಪು ದೀಪಸ್ತಂಭವನ್ನು ನಾನು ಇಷ್ಟು ವರ್ಷ ಕಣ್ಣಿನಲ್ಲೇ ಇಟ್ಟುಕೊಂಡಿದ್ದೆ. ಇವರು ನನ್ನ ಮುಖ ನೋಡಿದರು. ಆಮೇಲೆ ದೇವೀರಮ್ಮನ ಕಡೆ ತಿರುಗಿ, "ಅಲ್ಲ ದೇವೀರಮ್ಮ, ಒಂದು ಮಾತು. ಆ ಸೀಳಿದ ಪದರವನ್ನ ನನ್ನ ಕಾಲಿಗೆ ಹಾಕಿದ ಮೇಲೆ ಅದು ನನ್ನದಾಗುತ್ತೋ, ಇವಳದೇ ಇರುತ್ತೋ?" ಎಂದು ಕೇಳಿದರು.

"ತೊಗಲು ಹುಟ್ಟಿದ ಕಾಲನ್ನ ಮರೆಯಲ್ಲ. ನಿಮ್ಮನ್ನೂ ಹೊರುತ್ತೆ, ಅವರು ಹಾಕ್ಕೊಂಡ್ರೆ ಅವರನ್ನೂ ಹೊರುತ್ತೆ."

"ಹಂಗಾದ್ರೆ ಸೀಳಿ" ಅಂದರು ಇವರು, ತುಂಬ ಸಲೀಸಾಗಿ. ನಾನು ಅದನ್ನು ಗಮನಿಸಬೇಕಾಗಿತ್ತು.

ಬಂದರಿಗೆ ಬಸ್ಸಿನಲ್ಲಿ ಹೋದೆವು. ಕಿಟಕಿಯ ಪಕ್ಕ ಕೂತ ನಾನು ಬಾಯಿ ಮುಚ್ಚಲಿಲ್ಲ. ಗಡಿಕಲ್ಲಿನಾಚೆ ಇಷ್ಟೊಂದು ಎಮ್ಮೆಗಳಿವೆ, ಇಷ್ಟೊಂದು ಸೇತುವೆಗಳಿವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇವರು ಹೇಳಿದ್ದರೇನೋ, ನಾನು ಲಾಡು ತಿನ್ನುತ್ತ ಕೇಳಿಸಿಕೊಂಡಿರಲಿಲ್ಲ. ಹಡಗು ನೋಡಿದಾಗ ನನಗೆ ಮಾತೇ ನಿಂತಿತು. ಇವರು ಅದರ ಎತ್ತರ ನೋಡಿ, ಇದಕ್ಕೆ ಸುಣ್ಣ ಹೊಡೆಯಲು ಎಷ್ಟು ಜನ ಬೇಕಾಗುತ್ತಾರೆ ಎಂದು ವಿಚಾರಿಸಿದರು.

ಹಡಗಿನವರಿಗೆ ನಮ್ಮದೇ ಒಂದು ತಲೆನೋವಾಯಿತು. ಕೋಣೆಯಲ್ಲಿ ಬಿಳಿಯ ಹಾಸಿಗೆ, ನಾವು ಮೆಟ್ಟು ಸಮೇತ ಮಲಗಿದೆವು. ಹಾಸಿಗೆ ಬದಲಿಸಲು ಬಂದವನು ಎರಡು ಜೊತೆ ಕಾಲಿನ ಗುರುತು ನೋಡಿ ಏನೂ ಹೇಳದೆ ಹೊಸದು ಹಾಕಿದ. ಮೇಲಿನ ಮಹಡಿಯ ಈಜುಕೊಳಕ್ಕೂ ಮೆಟ್ಟಿನಲ್ಲೇ ಇಳಿದೆ. ಕಾವಲಿನ ಹುಡುಗಿ ಸೀಟಿ ಊದಿ, ಚಪ್ಪಲಿ ಬಿಚ್ಚಿ ಎಂದು ಸನ್ನೆ ಮಾಡಿದಳು. ನಾನು ನಮ್ಮೂರಿನ ಹೆಸರು ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಇವರು ದಡದಲ್ಲಿ ನಿಂತು, "ಅವಳು ಬಿಚ್ಚಿದ್ರೆ ನಿಮಗೆ ಒಬ್ಬ ಗಿರಾಕಿ ಕಡಿಮೆ ಆಗ್ತಾರಮ್ಮ" ಎಂದು ಬುದ್ಧಿ ಹೇಳಿದರು.

ಊಟದ ಮನೆ ನೋಡಿದ ಮೇಲಂತೂ ಇವರು ಆ ಕಡೆ ಈ ಕಡೆ ಓಡಾಡಿದ್ದೇ ಓಡಾಡಿದ್ದು. ಇಡೀ ಗೋಡೆಯ ಉದ್ದಕ್ಕೂ ಪಾತ್ರೆಗಳು, ಯಾರು ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು, ಯಾರೂ ಕಾಲು ನೋಡುವುದಿಲ್ಲ. ಇವರು ಬಿಳಿ ಬಟ್ಟೆ ಹಾಸಿದ ಮೇಜಿನ ನಟ್ಟನಡುವಿನ ಕುರ್ಚಿಯಲ್ಲಿ ಕೂತು, ಕಾಲಿನ ಬಟ್ಟೆಯ ಚೀಲ ಬಿಚ್ಚಿಟ್ಟರು. "ನೋಡು ಕಮ್ಲಾ, ಮುಯ್ಯಿ ಇಲ್ಲ, ಸೌದೆ ಇಲ್ಲ" ಅಂದರು. ಅವರ ಮುಖದ ಮೇಲಿದ್ದ ಸಂತೋಷ ನೋಡಿ, ನಾನು ಮಾಡಿದ್ದು ಸರಿ ಎಂಬುದು ಗಟ್ಟಿಯಾಯಿತು. ಮೂರು ದ್ವೀಪವೇ ಸಾಕು, ಹಕ್ಕಿ ಹೋಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹೇಳಿಕೊಂಡದ್ದು ಪೂರ್ತಿ ನಿಜವಾಗಿರಲಿಲ್ಲ.

ಮೊದಲನೇ ದ್ವೀಪದಲ್ಲಿ ತೆಂಗಿನಕಾಯಿ ಬಿಟ್ಟರೆ ಏನೂ ಇರಲಿಲ್ಲ. ಇಬ್ಬರೂ ಒಂದೊಂದು ಎಳನೀರು ಕುಡಿದು, ಮರಳಿನಲ್ಲಿ ಕಾಲೆಳೆದುಕೊಂಡು ಓಡಾಡಿ ಬಂದೆವು. ಹಡಗಿಗೆ ವಾಪಸಾದ ಮೇಲೆ ಇವರು ಕುರ್ಚಿಯಲ್ಲಿ ಕೂತು ಒಂದು ಕಾಲು ಎತ್ತಿ ತಮ್ಮ ಅಟ್ಟೆ ಒತ್ತಿ ನೋಡಿಕೊಂಡರು, ಆಮೇಲೆ ನನ್ನ ಕಾಲೆತ್ತಿಸಿ ನನ್ನದನ್ನೂ ಒತ್ತಿದರು. ಇನ್ನೆಷ್ಟು ಊಟ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದಾರೆ ಅಂದುಕೊಂಡೆ. "ಇನ್ನೂ ಎರಡು ದ್ವೀಪದಷ್ಟು ತಿನ್ನಬಹುದು ಬಿಡಿ" ಎಂದು ತಮಾಷೆ ಮಾಡಿದೆ. ಇವರು ಹೂಂ ಎಂದರು.

ಮಾರನೇ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಪಕ್ಕದ ಸಣ್ಣ ಹಾಲಿನಿಂದ ಗಂಟೆಯ ಸದ್ದು ಬಂತು. ಯಾವುದೋ ದೊಡ್ಡ ಕುಟುಂಬದವರು ಅಪ್ಪ ಅಮ್ಮನ ಅರವತ್ತರ ಶಾಂತಿಯನ್ನು ಹಡಗಿನಲ್ಲೇ ಮಾಡಿಸುತ್ತಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಇವರು ಇಡ್ಲಿಯ ತಟ್ಟೆ ಹಿಡಿದುಕೊಂಡೇ ಎದ್ದರು.

"ಎಲ್ಲಿಗೆ?" ಅಂದೆ.

"ಏನು ಸಿಹಿ ಮಾಡಿಸಿದಾರೆ ನೋಡ್ಕೊಂಡು ಬರ್ತೀನಿ. ನೀನು ಕಾಫಿ ಕುಡಿ."

ಎರಡು ಹೆಜ್ಜೆ ಹೋಗಿ ತಿರುಗಿ ನೋಡಿ, "ಕಮ್ಲಾ, ಹಕ್ಕಿ ಕೂಗು ಹೇಗಿರುತ್ತೋ ಏನೋ, ಅಲ್ವಾ?" ಅಂದರು. ನಾನು ಕಾಫಿ ಆರಿಸುತ್ತ, ನಮಗ್ಯಾಕೆ ಆ ಸುದ್ದಿ ಎಂದೆ. ಇವರು ನಕ್ಕು ಹೋದರು.

ಕಾಫಿ ಮುಗಿಯುವ ಮೊದಲೇ ಆ ಬಾಗಿಲಿನಲ್ಲಿ ಗದ್ದಲವಾಯಿತು. ತಟ್ಟೆ ಹಿಡಿದುಕೊಂಡು ನಿಂತಿದ್ದ ಹಿರಿಯರೊಬ್ಬರು ಇದ್ದಕ್ಕಿದ್ದ ಹಾಗೆ ಮಾಯವಾದರೆಂದು ಪಟ್ಟೆಸೀರೆಯ ಹೆಂಗಸೊಬ್ಬರು ಹೇಳುತ್ತಿದ್ದರು. ಪುರೋಹಿತರು ಮಂತ್ರ ನಿಲ್ಲಿಸಿದ್ದರು. ಸಮುದ್ರಕ್ಕೆ ಬಿದ್ದರೋ ಎಂದು ಹಡಗಿನವರು ಹಡಗಿನಂಚಿನ ಕಟಕಟೆಯ ಕಡೆ ಓಡಿದರು. ನಾನು ಹೋಗಿ ನೋಡಿದೆ. ಉಳಿದವರ ಚಪ್ಪಲಿಗಳೆಲ್ಲ ಅಡ್ಡಾದಿಡ್ಡಿ ಬಿದ್ದಿದ್ದವು. ಇವರ ಮೆಟ್ಟು ಮಾತ್ರ ಸ್ವಲ್ಪ ಈಚೆಗೆ, ಜೋಡಿಸಿ ಇಟ್ಟಂತೆ, ನಾನು ಕೂತಿದ್ದ ಮೇಜಿನ ಕಡೆಗೆ ಮುಖ ಮಾಡಿ ಇದ್ದವು. ಬಿಟ್ಟವರು ಹಾಗೆ ಬಿಡುವುದಿಲ್ಲ. ಹಾಕಿಕೊಳ್ಳುವವರಿಗೆ ಅನುಕೂಲವಾಗಲಿ ಎಂದು ಇಟ್ಟರೆ ಮಾತ್ರ ಹಾಗಿರುತ್ತದೆ.

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಕ್ಷಣವೇ ನನ್ನ ಮೆಟ್ಟನ್ನೂ ಕಿತ್ತೊಗೆದು ಗಡಿಕಲ್ಲಿನ ಹತ್ತಿರ ಹೋಗಿ, ಕಟ್ಟೆಯ ಮೇಲೆ ಜನ ಇದ್ದರೆ ಇರಲಿ, ಇವರಿಗೆ ನಾಲ್ಕು ಮಾತು ಆಡಿಬಿಡಬೇಕು ಅನ್ನಿಸಿತು. ಒಂದು ಕಾಲಿನದು ಕಳಚಿಯೂ ಆಗಿತ್ತು. ಇನ್ನೊಂದು ಕಳಚಲು ಬಗ್ಗಿದಾಗ ಇವರ ಮೆಟ್ಟು ಕಣ್ಣಿಗೆ ಬಿತ್ತು. ನಾನು ಈಗ ಹೋದರೆ ಸೌದೆ ಪಕ್ಕ ಕೂತು ಉಂಡ ಊಟಗಳೆಲ್ಲ ದಂಡ. ಈ ಜನ್ಮದಲ್ಲಿ ಸಿಕ್ಕ ಒಂದೇ ಮರ್ಯಾದೆಯ ಪಂಕ್ತಿಯನ್ನು ಇವರು ಅರ್ಧದಲ್ಲೇ ಬಿಟ್ಟು ಎದ್ದದ್ದೂ ದಂಡ. ಕಳಚಿದ ಕಾಲನ್ನು ಮತ್ತೆ ಒಳಗೆ ತೂರಿಸಿದೆ. ಹಡಗಿನವರಿಗೆ, ನಮ್ಮವರು ಸಮುದ್ರಕ್ಕೆ ಬಿದ್ದಿಲ್ಲ, ಮನೆಗೆ ಹೋಗಿದ್ದಾರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಎರಡನೇ ದ್ವೀಪವೇ ಬಂದಿತ್ತು.

ನನ್ನ ಅಟ್ಟೆ ತೀರಾ ತೆಳ್ಳಗಾದ ದಿನ ಕಟಕಟೆ ಹಿಡಿದುಕೊಂಡು, ಒಂದೊಂದೇ ಕಾಲನ್ನು ಇವರ ಮೆಟ್ಟಿಗೆ ದಾಟಿಸಿದೆ. ನನ್ನ ಕಾಲು ಅದರೊಳಗೆ ದೋಣಿಯಲ್ಲಿ ಕೂತ ಹಾಗೆ ಕೂತಿತು. ನಡೆದರೆ ಪಟ್ ಪಟ್ ಎನ್ನುತ್ತಿತ್ತು. ಬೆರಳ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು. ನಾನು ಕಾಲೆಳೆಯುವುದನ್ನು ನೋಡಿ ಹಡಗಿನವರು ಕಾಲಿನಲ್ಲಿ ಬಲವಿಲ್ಲದವಳೆಂದು ತಿಳಿದು ಗಾಲಿಕುರ್ಚಿ ತಂದರು. ನಾನೂ ಬೇಡ ಅನ್ನಲಿಲ್ಲ.

ಹಕ್ಕಿದ್ವೀಪಕ್ಕೆ ಗಾಲಿಕುರ್ಚಿಯಲ್ಲೇ ಇಳಿದೆ. ದೀಪಸ್ತಂಭದ ಕೆಂಪು ಬಣ್ಣ ಯಾವ ಕಾಲದಲ್ಲೋ ಉದುರಿತ್ತು. ಅದು ಪೂರ್ತಿ ಬೆಳ್ಳಗಿತ್ತು, ಅದೂ ಬಣ್ಣದಿಂದಲ್ಲ, ಹಕ್ಕಿಗಳ ಕೃಪೆಯಿಂದ. ನಾತಕ್ಕೆ ಜನ ಮೂಗು ಮುಚ್ಚಿಕೊಂಡು ಹಡಗಿಗೆ ವಾಪಸು ಓಡಿದರು. ನಾನು ಹೋಗಲಿಲ್ಲ. ಸಾವಿರಗಟ್ಟಲೆ ಹಕ್ಕಿಗಳು ತಲೆಯ ಮೇಲೆ ಒಟ್ಟಿಗೇ ತಿರುಗುತ್ತಿದ್ದವು. ಕೂಗು ನಮ್ಮ ಗಿರಣಿಯ ಪಟ್ಟೆ ಸಡಿಲವಾದಾಗ ಬರುವ ಸದ್ದಿನ ಹಾಗೇ ಇತ್ತು. ಇದನ್ನು ಹೇಳಲು ಪಕ್ಕಕ್ಕೆ ತಿರುಗಿದೆ, ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನು ಅಷ್ಟು ಸಂತೋಷವಾಗಿ, ಅಷ್ಟು ದುಃಖವಾಗಿ ಯಾವತ್ತೂ ಇದ್ದದ್ದಿಲ್ಲ.

ಕುರ್ಚಿಯಿಂದ ಎದ್ದು ದೀಪಸ್ತಂಭದ ಬುಡದವರೆಗೆ ಪಟ್ ಪಟ್ ಎಂದು ನಡೆದೆ. ಅಂಗಾಲಿಗೆ ಕಲ್ಲಿನ ಬಿಸಿ ತಾಗತೊಡಗಿತ್ತು, ಇನ್ನು ಹೆಚ್ಚು ಹೊತ್ತಿಲ್ಲ ಎಂದು ಗೊತ್ತಾಯಿತು. ಚೀಲದಿಂದ ಇವರು ಬೀಸಿಕೊಟ್ಟ ಹುರಿಹಿಟ್ಟು ತೆಗೆದು ಅಂಗೈಯಲ್ಲಿ ಹಿಡಿದೆ. ಒಂದು ಹಕ್ಕಿ ಬಂದು ಸುತ್ತು ಹೊಡೆದು, ಕೈಮೇಲೆ ಕೂತಿತು. ಅದರ ಕಾಲು ತಣ್ಣಗಿತ್ತು. ಅದು ಕೊಕ್ಕಿನಿಂದ ಒಂದು ಸಲ ಹಿಟ್ಟು ಕುಕ್ಕಿತು. ನಾನು ಇನ್ನೊಂದು ಹೆಜ್ಜೆ ಇಟ್ಟೆ, ಅಟ್ಟೆ ಹರಿಯಿತು.

ಗಡಿಕಲ್ಲಿನ ಕಟ್ಟೆಯ ಮೇಲೆ ಇವರೊಬ್ಬರೇ ಕೂತಿದ್ದರು. ಪಕ್ಕದಲ್ಲಿ ಟವಲಿನ ಬುಟ್ಟಿ, ಅದರ ಮೇಲೆ ಹಡಗಿನ ಇಡ್ಲಿ ತಟ್ಟೆ, ತೊಳೆದು ಬೋರಲು ಹಾಕಿತ್ತು. ನನ್ನನ್ನು ನೋಡಿ ಎದ್ದರು, ಕೈಮೇಲಿದ್ದ ಹಕ್ಕಿಯನ್ನು ನೋಡಿ ಮತ್ತೆ ಕೂತರು.

"ಹಕ್ಕಿದ್ವೀಪದ್ದಾ?" ಎಂದು ಕೇಳಿದರು, ಧ್ವನಿ ಸಣ್ಣದು ಮಾಡಿ.

"ಬೇರೆ ಎಲ್ಲೀದು ತರಲಿ. ಮೆಟ್ಟು ಯಾಕೆ ಬಿಟ್ಟಿರಿ?"

"ಪೂಜೆ ನಡೀತಿತ್ತಲ್ಲ ಕಣೇ. ಬಾಗಿಲಲ್ಲಿ ಎಲ್ರೂ ಬಿಟ್ಟಿದ್ರು. ಮರೆತು ನಾನೂ ಬಿಟ್ಟೆ."

"ಊರೂರಿನ ಮದುವೆ ಮನೆ ಬಾಗಿಲಲ್ಲಿ ಎಲ್ರೂ ಬಿಟ್ಟಿರ್ತಿದ್ರು. ಒಂದು ಸಲನಾದ್ರೂ ಮರೆತಿದ್ರಾ?"

ಹಕ್ಕಿ ನನ್ನ ಅಂಗೈಯ ಹಿಟ್ಟು ಮುಗಿಸಿ, ಇವರ ತಲೆಯ ಮೇಲೆ ಹೋಗಿ ಕೂತು, ಅಲ್ಲಿಯ ಕೂದಲಿನಲ್ಲಿ ಮಿಕ್ಕಿದ್ದ ಹಿಟ್ಟನ್ನು ಹುಡುಕಿತು. ಇವರು ಅಲ್ಲಾಡದೆ ಉಸಿರು ಬಿಗಿಹಿಡಿದು ಕೂತಿದ್ದರು, ಕಣ್ಣು ಮಾತ್ರ ಮೇಲೆ. ಹಕ್ಕಿ ಒಂದು ಸಲ ಕೂಗಿತು.

"ಅಯ್ಯೋ, ನಮ್ಮ ಗಿರಣಿ ಪಟ್ಟೆ" ಅಂದರು ಇವರು.

ಆಗ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಹಕ್ಕಿ ಹಾರಿ ಗಡಿಕಲ್ಲಿನ ಮೇಲೆ ಒಂದು ಗಳಿಗೆ ಕೂತು, ಆಚೆ ಕಡೆಗೆ ಹೊರಟುಹೋಯಿತು. ಅದಕ್ಕೆ ಮೆಟ್ಟಿನ ಹಂಗಿಲ್ಲ. ನಾವಿಬ್ಬರೂ ಇನ್ನು ಆ ಕಲ್ಲು ದಾಟುವುದಿಲ್ಲ. ಇಂದ್ರಕ್ಕನ ಮಗಳ ಮದುವೆಗೂ ಹೋಗುವುದಿಲ್ಲ, ಬೇಕಾದರೆ ಅವರೇ ಇಲ್ಲಿಗೆ ಬಂದು ನಮ್ಮ ನಡುಮನೆಯಲ್ಲಿ ಇವರ ಪಕ್ಕ ಕೂತು ಉಣ್ಣಲಿ. ಹರಿದ ಮೆಟ್ಟನ್ನು ಕಾಲಿನಿಂದ ಬಿಡಿಸಿ ಇವರಿಗೆ ಕೊಟ್ಟೆ. ಇಬ್ಬರೂ ಬರಿಗಾಲಿನಲ್ಲಿ ಮನೆಯ ಕಡೆ ನಡೆದೆವು.

"ಸರಿ, ಮೊದಲಿಂದ ಹೇಳು" ಅಂದರು ಇವರು.

"ಮೊದಲಿಗೆ ನೀವೂ ಇದ್ರಲ್ಲ."

"ಇದ್ದೆ. ಆದ್ರೂ ಹೇಳು."

ಹೇಳತೊಡಗಿದೆ. ಎಮ್ಮೆಗಳು, ಸೇತುವೆಗಳು, ಕಿಟಕಿ ಪಕ್ಕದ ಸೀಟು, ಎಲ್ಲವನ್ನೂ ಹೇಳಿದೆ. ಇವರು ಪ್ರತಿಯೊಂದಕ್ಕೂ, ಹೌದಾ, ಆಮೇಲೆ, ಎನ್ನುತ್ತಿದ್ದರು. ಮನೆ ಬಾಗಿಲು ಬಂದಾಗ ನಾವಿನ್ನೂ ಬಂದರಿಗೆ ತಲುಪಿರಲಿಲ್ಲ. ಅದಕ್ಕೇ ಒಳಗೆ ಹೋಗದೆ ಇನ್ನೊಂದು ಸುತ್ತು ಹೋಗಿ ಬಂದೆವು.